ತೂತಿಗೆ ಎರಡೂವರೆ ಸಾವಿರ: ನನ್ನ ಎಕ್ಸ್‌ಟೆನ್ಶನ್ ಟ್ಯೂಬ್ ಕಥೆ

ಏಳು ತಿಂಗಳಿಂದ ಈ ಎಕ್ಸ್‌ಟೆನ್ಶನ್ ಟ್ಯೂಬ್ ಸೆಟ್ ಬಳಸುತ್ತಿದ್ದೇನೆ. 12, 20, 36 ಮಿ.ಮೀ.ನ ಮೂರು ಉಂಗುರ. ಕ್ಯಾಮೆರಾಕ್ಕೂ ಲೆನ್ಸ್‌ಗೂ ನಡುವೆ ಹಾಕೋದು, ಅಷ್ಟೇ. ಒಳಗೆ ಗಾಜಿಲ್ಲ. ಪಾರ್ಸೆಲ್ ಬಿಚ್ಚಿದ ದಿನ ನಮ್ಮಪ್ಪ ಅದರೊಳಗೆ ಬೆರಳು ತೂರಿಸಿ ಆ ಕಡೆ ತೆಗೆದು, "ಈ ತೂತಿಗೆ ಎರಡೂವರೆ ಸಾವಿರ ಕೊಟ್ಟಿಯೇನಲೇ?" ಅಂದರು.

ಆದರೆ ಕೆಲಸ ಮಾಡೋದು ಆ ತೂತೇ. ಲೆನ್ಸ್ ಸೆನ್ಸರ್‌ನಿಂದ ದೂರ ಸರಿದಷ್ಟೂ ಹತ್ತಿರದ ವಸ್ತು ಫೋಕಸ್‌ಗೆ ಸಿಗುತ್ತದೆ. ನನ್ನದು ಹಳೇ ಕ್ಯಾನನ್ ಡಿಎಸ್‌ಎಲ್‌ಆರ್, 50 ಮಿ.ಮೀ. ಲೆನ್ಸ್. ಮೂರೂ ಟ್ಯೂಬ್ ಸೇರಿಸಿದರೆ ಸುಮಾರು 16 ಮಿ.ಮೀ. ಅಗಲದ ಜಾಗ, ಅಂದರೆ ಹೆಬ್ಬೆರಳ ಉಗುರಿನಷ್ಟು, ಇಡೀ ಫ್ರೇಮ್ ತುಂಬುತ್ತದೆ. ಟ್ಯೂಬ್ ಇದ್ದಾಗ ದೂರದ್ದು ಯಾವುದೂ ಫೋಕಸ್ ಆಗಲ್ಲ, ಬಿಚ್ಚಲೇಬೇಕು.

ಇದಕ್ಕೂ ಮೊದಲು ಐನೂರು ರೂಪಾಯಿಯದೊಂದು ತಗೊಂಡು ಕೈ ಸುಟ್ಟುಕೊಂಡಿದ್ದೆ. ಅದರಲ್ಲಿ ಕ್ಯಾಮೆರಾಕ್ಕೂ ಲೆನ್ಸ್‌ಗೂ ಕರೆಂಟ್ ಸಂಪರ್ಕ ಕೊಡುವ ಪಿನ್ ಇರಲಿಲ್ಲ, ಹಾಗಾಗಿ ಲೆನ್ಸ್‌ಗೆ ಕ್ಯಾಮೆರಾದ ಮಾತು ಮುಟ್ಟುತ್ತಲೇ ಇರಲಿಲ್ಲ, ಅಪರ್ಚರ್, ಅಂದರೆ ಲೆನ್ಸ್ ಒಳಗೆ ಬೆಳಕು ಬಿಡುವ ಕಿಂಡಿ, ಪೂರ್ತಿ ತೆರೆದೇ ಇರುತ್ತಿತ್ತು, ಅದು ತೆರೆದಷ್ಟೂ ಫೋಕಸ್ ಸಿಗುವ ಆಳ ಕಮ್ಮಿ, ಇರುವೆಯ ಮೀಸೆ ಸ್ಪಷ್ಟವಾಗಿ ಬಂದರೆ ಇರುವೆ ಮಾತ್ರ ಮಂಜಿನಲ್ಲಿ ಕಳೆದುಹೋಗುತ್ತಿತ್ತು. ಒಂಬತ್ತನೇ ದಿನ ಅದರ ಲೆನ್ಸ್ ಬಿಡಿಸುವ ಗುಂಡಿ ಸಿಕ್ಕಿಹಾಕಿಕೊಂಡು ಲೆನ್ಸ್ ಹೊರಗೆ ಬರಲೇ ಇಲ್ಲ. ಪಿನ್ ಇರೋದನ್ನೇ ತಗೊಳ್ಳಿ, ಲೆನ್ಸ್ ಕೂರುವ ಜಾಗ ಲೋಹದ್ದೇ ಇರಲಿ.

ಇದರ ನಿಜವಾದ ಮಜಾ ಸಿಕ್ಕಿದ್ದು ಬಾದಾಮಿಯಲ್ಲಿ. ಗುಹೆಗಳ ಹತ್ತಿರ ಅಲ್ಲ, ಅಲ್ಲಿ ಮಂಗಗಳು ಬ್ಯಾಗಿನ ಜಿಪ್ ನಮಗಿಂತ ಚೆನ್ನಾಗಿ ತೆಗೀತಾವೆ. ನಾನು ಕೂತಿದ್ದು ಸಿಡ್ಲಫಡಿ ಕಡೆಯ ಬಂಡೆಗಳ ನಡುವೆ. ಮಧ್ಯಾಹ್ನ ತೆಗೆದದ್ದೆಲ್ಲ ಸಪ್ಪೆ, ಗೋಡೆಗೆ ಬಣ್ಣ ಬಳಿದ ಹಾಗೆ. ಸಂಜೆ ಐದರ ಮೇಲೆ ಬಿಸಿಲು ಬಂಡೆಯನ್ನು ಓರೆಯಾಗಿ ಸವರತೊಡಗಿದಾಗ ಒಂದೊಂದು ಮರಳಿನ ಕಾಳಿಗೂ ನೆರಳು ಬಂತು. ಬಾದಾಮಿ ಕಲ್ಲು ಒಂದು ಕಾಲದ ಮರಳೇ ಅಲ್ವಾ, ಹರಿವಿನಲ್ಲಿ ಪದರ ಪದರವಾಗಿ ಓರೆಯಾಗಿ ಕೂತದ್ದು. ಕಣ್ಣಿಗೆ ಬರೀ ಗೆರೆ ಅನಿಸುವ ಜಾಗದಲ್ಲಿ ದಪ್ಪ ಕಾಳಿನ ಸಾಲು, ಅದರ ಮೇಲೆ ಸಣ್ಣ ಕಾಳಿನ ಸಾಲು, ನಡುವೆ ಕಬ್ಬಿಣದ ತುಕ್ಕಿನ ಕೆಂಪು. ಒಂದೂವರೆ ತಾಸು ಒಂದೇ ಬಂಡೆ ಮುಂದೆ ಕೂತಿದ್ದೆ. ಕುರಿ ಕಾಯುವ ಅಜ್ಜ ಒಬ್ಬರು ಬಂದು ಏನಾದರೂ ಕಳೆದುಕೊಂಡಿಯೇನು ಅಂತ ಕೇಳಿದರು.

ಬೇಸಿಗೆಯಲ್ಲಿ ನಮ್ಮ ಹೊಲದ ಎರಿ ಮಣ್ಣು ಬಿರುಕು ಬಿಟ್ಟಾಗಲೂ ತೆಗೆದೆ. ಕರಿ ಮಣ್ಣನ್ನು ಕ್ಯಾಮೆರಾ ತಾನಾಗಿ ಬೂದಿ ಬಣ್ಣ ಮಾಡಿಬಿಡುತ್ತದೆ, ಎಕ್ಸ್‌ಪೋಶರ್ ಒಂದು ಸ್ಟಾಪ್, ಅಂದರೆ ಅರ್ಧಕ್ಕೆ, ಇಳಿಸಿಕೊಳ್ಳಿ. ಪಕ್ಕದಿಂದ ಮೊಬೈಲ್ ಟಾರ್ಚ್ ಹಿಡಿದರೆ ಸಾಕು.

ಹುಳಕ್ಕೆ ಮಾತ್ರ ಇದು ಆಗಿಬರಲ್ಲ. ಎಕ್ಕೆ ಗಿಡದ ಮೇಲೆ ಪಟ್ಟೆಪಟ್ಟೆ ಕಂಬಳಿಹುಳ ಇತ್ತು, ನಲವತ್ತು ಫೋಟೋ ತೆಗೆದೆ, ಉಳಿದದ್ದು ಎರಡು. ಮೂರೂ ಟ್ಯೂಬ್ ಹಾಕಿದರೆ ಬೆಳಕು ಎರಡು ಸ್ಟಾಪ್‌ಗಿಂತ ಜಾಸ್ತಿ ಕಮ್ಮಿಯಾಗುತ್ತದೆ. ಲೆನ್ಸ್ ಹುಳದಿಂದ ನಾಲ್ಕು ಬೆರಳು ದೂರದಲ್ಲಿರಬೇಕು, ಅದರ ನೆರಳು ಹುಳದ ಮೇಲೇ ಬೀಳುತ್ತದೆ. ಅಪರ್ಚರ್ ಕಿರಿದು ಮಾಡಿ ಎಫ್ 8 ಇಟ್ಟರೂ ಫೋಕಸ್ ಸಿಗೋದು ಒಂದು ಮಿಲಿಮೀಟರಿಗೂ ಕಮ್ಮಿ ಆಳಕ್ಕೆ. ಆಟೋಫೋಕಸ್ ಸುಮ್ನೆ ಗುಂಯ್‌ಗುಡುತ್ತದೆ, ಅದನ್ನು ಆಫ್ ಮಾಡಿ ನೀವೇ ಮುಂದೆ ಹಿಂದೆ ಸರಿಯೋದು ವಾಸಿ. ಮೇಲಿಂದ ನಮ್ಮ ಕಡೆಯ ಆಷಾಢದ ಗಾಳಿ! ಚಿಟ್ಟೆ, ಜೇಡ ತೆಗೆಯೋದೇ ನಿಮ್ಮ ಹುಚ್ಚಾದರೆ ದುಡ್ಡು ಕೂಡಿಸಿ 100 ಮಿ.ಮೀ. ಮ್ಯಾಕ್ರೋ ಲೆನ್ಸ್ ತಗೊಳ್ಳಿ. ಕಲ್ಲು, ಮಣ್ಣು, ತೊಗಟೆ, ಜೋಳದ ಕಾಳು ಸಾಕು ಅನ್ನುವವರಿಗೆ ಇದೇ ಧಾರಾಳ. ನಾನು ಜಾಸ್ತಿ ಹಾಕೋದು 20ರದ್ದೊಂದೇ.

ಇನ್ನೊಂದು ಮಾತು. ಬಯಲಲ್ಲಿ ಟ್ಯೂಬ್ ಬದಲಿಸುವಾಗ ಕ್ಯಾಮೆರಾ ಬಾಯಿ ಕೆಳಗೆ ಮಾಡಿ ಹಿಡೀರಿ, ಇಲ್ಲಾಂದ್ರೆ ಸೆನ್ಸರ್ ತುಂಬ ಧೂಳು. ಇಡೋಕೆ ಚೀಲ ಅಂತೂ ಕೊಟ್ಟಿಲ್ಲ. ಅಮ್ಮ ಗುಳೇದಗುಡ್ಡ ಖಣದ ತುಂಡಿನಲ್ಲಿ ಒಂದು ಹೊಲಿದು ಕೊಟ್ಟಿದ್ದಾಳೆ.