ಟೇಲರ್ ಬ್ರೇಸ್ ಒಳ್ಳೇದೇ, ಆದ್ರೆ ಹಾಕೋ ರೀತಿ ಗೊತ್ತಿರ್ಲಿ

ಅಪ್ಪಂಗೆ ಕಾರ್ ಗುದ್ದಿ ಬೆನ್ನಿನ ಎಲ್1 ಮೂಳೆ (ಬೆನ್ನುಮೂಳೆಯಲ್ಲಿ ಸೊಂಟದ ಭಾಗದ ಮೊದಲನೇದು) ಸ್ವಲ್ಪ ಕುಸಿದಿತ್ತು, ಆಪರೇಷನ್ ಬೇಡ ಅಂತ ಡಾಕ್ಟ್ರು ಬೆನ್ನಿಗೆ ಆಸರೆ ಕೊಡೋ ಈ ಬ್ರೇಸ್ ಬರೆದುಕೊಟ್ರು. ಬೆನ್ನುದ್ದಕ್ಕೂ ಎರಡು ಲೋಹದ ಪಟ್ಟಿ, ಭುಜಕ್ಕೆ ಬೆಲ್ಟು, ಮುಂದಕ್ಕೆ ಬಗ್ಗೋಕೇ ಬಿಡಲ್ಲ, ನಮಗೆ ಬೇಕಾಗಿದ್ದೂ ಅದೇ. ಇದನ್ನ ಹಾಕ್ಕೊಂಡು ಅಪ್ಪ ತಾವೇ ಬಾತ್‌ರೂಮಿಗೆ ನಡ್ಕೊಂಡು ಹೋದಾಗ ಅಮ್ಮ ಅತ್ತೇಬಿಟ್ರು. ಮಲಗಿದ್ದಾಗ್ಲೇ ಹಾಕ್ಬೇಕು, ಸೊಂಟ ತಿರುಚದೆ ಇಡೀ ಮೈ ಒಟ್ಟಿಗೆ ಪಕ್ಕಕ್ಕೆ ಹೊರಳಿಸಿ, ಕೆಳಗೆ ತೂರಿಸಿ, ಬಿಗಿದು ಆಮೇಲೆ ಎಬ್ಬಿಸ್ಬೇಕು, ಇದನ್ನ ಅಂಗಡಿಯೋರು ಹೇಳ್ಲಿಲ್ಲ, ಫಿಸಿಯೋ ಹೇಳಿಕೊಟ್ರು. ಕಂಕುಳಲ್ಲಿ ಪಟ್ಟಿ ಉಜ್ಜುತ್ತೆ, ಒಳಗೆ ಕಾಟನ್ ಬನಿಯನ್ ಇರ್ಲಿ. ವೆಲ್ಕ್ರೋ ಬೇಗ ಸಡಿಲ ಆಯ್ತು, ಅದೊಂದು ಬೇಜಾರು. ಡಾಕ್ಟ್ರು ಸಾಕು ಅಂದ್ಮೇಲೂ ಭಯಕ್ಕೆ ಹಾಕ್ಕೊಂಡೇ ಇರ್ಬೇಡಿ, ಬೆನ್ನಿನ ಸ್ನಾಯು ಸೊರಗುತ್ತೆ. ಬಿಲ್ ಎತ್ತಿಟ್ಕೊಳ್ಳಿ, ಆಕ್ಸಿಡೆಂಟ್ ಕ್ಲೇಮ್‌ಗೆ ಬೇಕಾಗುತ್ತೆ.