ಆಕ್ಟೇವಿಯಾ ವಿಆರ್‌ಎಸ್‌ಗೆ ಹೊಸ ಡಿಸ್ಕ್, ಹೊಸ ಪ್ಯಾಡ್: ದುಡ್ಡು ಎಲ್ಲಿ ಹಾಕಬೇಕು?

ಸ್ಕೋಡಾ ಆಕ್ಟೇವಿಯಾ ಕಾರಿನ ವೇಗದ ಮಾದರಿಯಾದ ವಿಆರ್‌ಎಸ್ ಇಟ್ಟುಕೊಂಡವರು ಬ್ರೇಕ್ ಬದಲಿಸುವ ಹೊತ್ತು ಬಂದಾಗ ಮೊದಲು ಕಣ್ಣು ಹಾಯಿಸುವುದು ತೂತು ಕೊರೆದ, ಗೀರು ಹಾಕಿದ ಡಿಸ್ಕ್‌ಗಳ ಕಡೆಗೆ. ಅಲಾಯ್ ಚಕ್ರದ ಸಂದಿಯಲ್ಲಿ ಅವು ಚೆನ್ನಾಗಿ ಕಾಣುತ್ತವೆ, ನಿಜ. ಆದರೆ ಕಾರಿನ ಬ್ರೇಕಿಗೆ ಕಚ್ಚುವ ಗುಣ ಬರುವುದು ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡ್‌ನ ಕಾಂಪೌಂಡ್‌ನಿಂದ, ಅಂದರೆ ಅದನ್ನು ಮಾಡಿದ ವಸ್ತುವಿನ ಮಿಶ್ರಣದಿಂದ. ಕಾವೇರಿದ ಮೇಲೂ ಪೆಡಲ್ ಗಟ್ಟಿಯಾಗಿ ಉಳಿಯುವುದು ಬ್ರೇಕ್ ಆಯಿಲ್‌ನಿಂದ. ಡಿಸ್ಕ್ ಮಾಡಬೇಕಾದ ಕೆಲಸ ಬಿಸಿಯನ್ನು ಹೀರಿ ಗಾಳಿಗೆ ಬಿಡುವುದು. ಒಳ್ಳೆಯ ಎರಕದ ಸಾದಾ ಡಿಸ್ಕ್ ಅದನ್ನು ಚೆನ್ನಾಗಿಯೇ ಮಾಡುತ್ತದೆ. ಹಾಗಾಗಿ ರಸ್ತೆಗೆ ನಮ್ಮ ಶಿಫಾರಸು: ತುಕ್ಕು ತಡೆಯುವ ಕೋಟಿಂಗ್ ಇರುವ ಸಾದಾ ಡಿಸ್ಕ್, ಒಂದು ಮೆಟ್ಟಿಲು ಮೇಲಿನ ಪ್ಯಾಡ್, ಹೊಸ ಆಯಿಲ್. ಟ್ರ್ಯಾಕ್‌ಗೆ ಹೋಗುವವರು ಪ್ಯಾಡ್‌ನ ಇನ್ನೊಂದು ಸೆಟ್ ಇಟ್ಟುಕೊಳ್ಳಲಿ.

ಕೊಳ್ಳುವ ಮೊದಲು ಅಳತೆ ಖಚಿತವಾಗಬೇಕು. ವಿಆರ್‌ಎಸ್ ಬಳಸುವ, ಫೋಕ್ಸ್‌ವ್ಯಾಗನ್ ಬಳಗದ ಹಲವು ಕಾರುಗಳಿಗೆ ಸಾಮಾನ್ಯವಾದ ಎಂಕ್ಯೂಬಿ ಪ್ಲಾಟ್‌ಫಾರ್ಮ್‌ನ ವೇಗದ ಕಾರುಗಳಲ್ಲಿ ಮುಂದಿನ ಡಿಸ್ಕ್ 312 ಮಿ.ಮೀ. ಅಗಲ, 25 ಮಿ.ಮೀ. ದಪ್ಪದ್ದೂ ಇದೆ, 340 ಅಗಲ, 30 ದಪ್ಪದ್ದೂ ಇದೆ. ಎರಡಕ್ಕೂ ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಕ್ಯಾಲಿಪರ್ ಬೇರೆ, ಪ್ಯಾಡ್ ಬೇರೆ. ಹಿಂದಿನ ಡಿಸ್ಕ್‌ನಲ್ಲೂ ಗಟ್ಟಿ ತಟ್ಟೆಯದ್ದು, ನಡುವೆ ಗಾಳಿ ಹಾಯುವುದು ಅಂತ ಎರಡು ಬಗೆ. ‘ಆಕ್ಟೇವಿಯಾಗೆ ಬೇಕು’ ಅಂತ ಹೇಳಿ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯಿಂದ ತಂದರೆ ತಪ್ಪು ಪೆಟ್ಟಿಗೆ ಮನೆಗೆ ಬರುವ ಸಾಧ್ಯತೆಯೇ ಹೆಚ್ಚು. ಡಿಕ್ಕಿಯಲ್ಲಿ ಸ್ಟೆಪ್ನಿ ಗುಂಡಿಯ ಹತ್ತಿರ, ಇಲ್ಲವೇ ಸರ್ವಿಸ್ ಪುಸ್ತಕದಲ್ಲಿ ಅಂಟಿಸಿರುವ ಸ್ಟಿಕರ್‌ನ ಪಿಆರ್ ಕೋಡ್ (ಕಾರಿಗೆ ಕಾರ್ಖಾನೆಯಲ್ಲಿ ಯಾವ ಭಾಗ ಹಾಕಿದ್ದಾರೆಂದು ಹೇಳುವ ಸಂಕೇತ) ಬರೆದುಕೊಂಡು, ಚಾಸಿಸ್ ನಂಬರ್ ಜೊತೆ ಕೊಡಿ. ಅನುಮಾನ ಉಳಿದರೆ ಚಕ್ರ ಬಿಚ್ಚಿ ಡಿಸ್ಕ್ ಅಳೆಯಿರಿ.

ಹಳೆಯ ಡಿಸ್ಕ್ ಬದಲಿಸಲೇಬೇಕೇ ಎಂಬುದಕ್ಕೂ ಅಳತೆಯೇ ಉತ್ತರ. ಕನಿಷ್ಠ ದಪ್ಪ ಎಷ್ಟು ಅಂತ ಡಿಸ್ಕ್‌ನ ಮೇಲೇ ಕೆತ್ತಿರುತ್ತಾರೆ. 25 ಮಿ.ಮೀ. ಡಿಸ್ಕ್‌ಗೆ ಅದು 22, 30ರದ್ದಕ್ಕೆ 27. ವರ್ನಿಯರ್ ಹಿಡಿದು ಅಂಚಿನಲ್ಲಿ ಅಳೆದರೆ ಮೋಸ ಹೋಗುತ್ತೀರಿ, ಏಕೆಂದರೆ ಪ್ಯಾಡ್ ಮುಟ್ಟದ ಹೊರ ಅಂಚು ಸವೆಯದೆ ದಿಂಡಿನಂತೆ ಎದ್ದು ನಿಂತಿರುತ್ತದೆ. ಮೈಕ್ರೋಮೀಟರ್‌ನಿಂದ, ಪ್ಯಾಡ್ ಉಜ್ಜುವ ಪಟ್ಟಿಯ ನಡುವೆ, ಸುತ್ತಲೂ ಎಂಟು ಕಡೆ ನೋಡಬೇಕು. 30ರ ಡಿಸ್ಕ್ 27ಕ್ಕೆ ಬಂತೆಂದರೆ ಹತ್ತನೇ ಒಂದು ಭಾಗ ಮಾತ್ರ ಹೋಯಿತು ಅನ್ನಿಸಬಹುದು. ಆ 30ರೊಳಗೆ ನಡುವಿನ ಗಾಳಿ ಸಂದೂ ಸೇರಿದೆ. ಬರೀ ಲೋಹದ ಲೆಕ್ಕ ಹಿಡಿದರೆ ನಷ್ಟ ಅದಕ್ಕಿಂತ ಹೆಚ್ಚು. ಲೋಹ ಕಡಿಮೆಯಾದಷ್ಟೂ ಡಿಸ್ಕ್ ಬೇಗ ಕಾಯುತ್ತದೆ. ಗಡಿಯ ಹತ್ತಿರ ಬಂದ ಡಿಸ್ಕ್‌ಗೆ ಲೇತ್ ಹೊಡೆಸಿ ನಯ ಮಾಡಿಸುವುದು ಈ ಕಾರಣಕ್ಕೇ ಬೇಡ. ಪ್ಯಾಡ್‌ನ ಮಟ್ಟಿಗೆ, ಹಿಂದಿನ ಕಬ್ಬಿಣದ ತಟ್ಟೆ ಬಿಟ್ಟು ವಸ್ತು 2 ಮಿ.ಮೀ.ಗೆ ಇಳಿದರೆ ಆಯಸ್ಸು ಮುಗಿದಂತೆ.

ಇನ್ನು ಡಿಸ್ಕ್‌ಗಳು. ಎಟಿಇ, ಟೆಕ್ಸ್ಟಾರ್, ಟಿಆರ್‌ಡಬ್ಲ್ಯೂ, ಬ್ರೆಂಬೊ ಕಂಪನಿಗಳ ಸಾದಾ ಡಿಸ್ಕ್‌ಗಳ ನಡುವೆ ರಸ್ತೆಯಲ್ಲಿ ಗೊತ್ತಾಗುವಂಥ ವ್ಯತ್ಯಾಸ ಹುಡುಕುವುದು ಕಷ್ಟ. ನಾಲ್ಕರಲ್ಲಿ ನಿಮ್ಮ ಅಳತೆಗೆ ಅಸಲಿ ಮಾಲು ಯಾವುದು ಸಿಗುತ್ತದೋ ಅದನ್ನು ಕೊಳ್ಳಿ. ಮಂಗಳೂರು, ಉಡುಪಿ, ಕಾರವಾರದ ಕಡೆಯವರು ಮಾತ್ರ ಕೋಟಿಂಗ್ ಇರುವುದಕ್ಕೇ ಪಟ್ಟು ಹಿಡಿಯಬೇಕು. ಝಿಮ್ಮರ್‌ಮನ್‌ನ ಕೋಟ್ ಝಡ್ ಈ ಬಗೆಯಲ್ಲಿ ನಮ್ಮ ಮೆಚ್ಚಿನದು. ಪ್ಯಾಡ್ ಉಜ್ಜುವ ಜಾಗದ ಕೋಟಿಂಗ್ ಮೊದಲ ಕೆಲವು ಬ್ರೇಕಿಂಗ್‌ನಲ್ಲೇ ಹೋಗುತ್ತದೆ. ಚಕ್ರವನ್ನು ಹೊರುವ ಹಬ್‌ಗೆ ಕೂರುವ ಟೋಪಿ ಭಾಗ, ಹೊರ ಅಂಚು, ಒಳಗಿನ ಗಾಳಿ ದಾರಿಗಳಲ್ಲಿ ಉಳಿಯುತ್ತದೆ. ಕರಾವಳಿಯಲ್ಲಿ ಡಿಸ್ಕ್ ಹಾಳಾಗುವುದು ಅಲ್ಲಿಂದಲೇ.

ತೂತಿನ ಡಿಸ್ಕ್, ಉದಾಹರಣೆಗೆ ಬ್ರೆಂಬೊ ಎಕ್ಸ್‌ಟ್ರಾ, ಮಳೆಯಲ್ಲಿ ನೀರಿನ ಪೊರೆ ಬೇಗ ಒಡೆಯುತ್ತದೆ. ಮಳೆಗಾಲದ ಮಲೆನಾಡಿನಲ್ಲಿ ಮೊದಲ ಒತ್ತಿಗೇ ಅದು ಗೊತ್ತಾಗುತ್ತದೆ. ಬರೀ ರಸ್ತೆಗಾದರೆ ಅಡ್ಡಿಯಿಲ್ಲ. ಟ್ರ್ಯಾಕ್‌ಗೆ ಒಯ್ದರೆ ತೂತಿನ ಬಾಯಿಂದಲೇ ಕೂದಲೆಳೆಯ ಬಿರುಕು ಹುಟ್ಟುತ್ತದೆ, ಯಾಕೆಂದರೆ ಕಾದು ತಣಿಯುವಾಗಿನ ಒತ್ತಡ ಸೇರುವುದು ಅಲ್ಲೇ. ಎರಡು ತೂತುಗಳನ್ನು ಕೂಡಿಸುವ ಬಿರುಕು, ಇಲ್ಲವೇ ಅಂಚು ಮುಟ್ಟಿದ ಬಿರುಕು ಕಂಡ ದಿನವೇ ಆ ಡಿಸ್ಕ್ ಗುಜರಿಗೆ. ಗೀರಿನ ಡಿಸ್ಕ್‌ಗೆ ಈ ಕಾಟ ಕಡಿಮೆ. ಪ್ಯಾಡ್‌ನ ಮೇಲ್ಮೈಯನ್ನು ಅದು ಕೆರೆದು ಹೊಸದಾಗಿಡುತ್ತದೆ. ಬದಲಿಗೆ ಪ್ಯಾಡ್ ಸ್ವಲ್ಪ ಬೇಗ ಸವೆಯುತ್ತದೆ, ಜೋರಾಗಿ ಒತ್ತಿದಾಗ ಗುರ್ರ್ ಎನ್ನುವ ಸದ್ದೂ ಬರುತ್ತದೆ. ಟ್ರ್ಯಾಕ್ ಹುಚ್ಚಿರುವವರಿಗೆ ಡಿಬಿಎ 4000 ಸರಣಿ ಒಳ್ಳೆಯದು. ಅದರ ಅಂಚಿಗೆ ಬಳಿದ ಮೂರು ಬಣ್ಣದ ಪಟ್ಟಿಗಳು ಬೇರೆ ಬೇರೆ ಉಷ್ಣತೆಯಲ್ಲಿ ಬಣ್ಣ ಬದಲಿಸುತ್ತವೆ. ಡಿಸ್ಕ್ ಎಷ್ಟು ಕಾದಿತ್ತೆಂದು ಪಿಟ್‌ನಲ್ಲಿ ನಿಂತು ಕಣ್ಣಿಂದಲೇ ಓದಬಹುದು, ಮುಂದಿನ ಪ್ಯಾಡ್ ಯಾವುದೆಂದು ಊಹೆಯಿಲ್ಲದೆ ತೀರ್ಮಾನಿಸಬಹುದು.

ಪ್ಯಾಡ್ ಆರಿಸಲು ಬಿಸಿಯ ಲೆಕ್ಕ ಬೇಕು. ನಾಲ್ಕು ಜನ, ಲಗೇಜು ಸೇರಿ 1,700 ಕೆ.ಜಿ. ತೂಗುವ ಕಾರು ಆಗುಂಬೆಯಿಂದ ಸೋಮೇಶ್ವರಕ್ಕೆ ಸುಮಾರು 500 ಮೀಟರ್ ಇಳಿದರೆ ಬಿಡುಗಡೆಯಾಗುವ ಶಕ್ತಿ 83 ಲಕ್ಷ ಜೂಲ್. ಅದೇ ಕಾರನ್ನು ನೂರರ ವೇಗದಿಂದ ಪೂರ್ತಿ ನಿಲ್ಲಿಸುವುದು ಆರೂವರೆ ಲಕ್ಷ ಜೂಲ್‌ನ ಕೆಲಸ. ಅಂದರೆ ಇಡೀ ಘಾಟಿ ಹೆಚ್ಚೂಕಡಿಮೆ ಹದಿಮೂರು ಸಲ ನೂರರಿಂದ ನಿಲ್ಲಿಸಿದ್ದಕ್ಕೆ ಸಮ, ಅದೂ ಹಲವು ನಿಮಿಷಗಳಲ್ಲಿ ಹಂಚಿಹೋಗಿರುತ್ತದೆ. ಡಿಎಸ್‌ಜಿಯನ್ನು (ಆಟೊಮ್ಯಾಟಿಕ್ ಗೇರ್‌ಬಾಕ್ಸ್) ಮ್ಯಾನುಯಲ್‌ಗೆ ಹಾಕಿ ಎರಡನೇ ಗೇರಿನಲ್ಲಿ ಇಳಿದರೆ ಒಂದು ಪಾಲನ್ನು ಎಂಜಿನ್ನೇ ಹೊರುತ್ತದೆ. ಇದಕ್ಕೆ ರೇಸ್ ಪ್ಯಾಡ್ ಬೇಕಿಲ್ಲ. ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕ್‌ನ ಮಾತೇ ಬೇರೆ. 1,500 ಕೆ.ಜಿ.ಯ ಕಾರು 180ರಿಂದ 80ಕ್ಕೆ ಇಳಿಯುವ ಒಂದೇ ಬ್ರೇಕಿಂಗ್‌ನಲ್ಲಿ 15 ಲಕ್ಷ ಜೂಲ್ ಕೆಲವೇ ಸೆಕೆಂಡಿನಲ್ಲಿ ಡಿಸ್ಕ್‌ಗಳ ಮೇಲೆ ಬೀಳುತ್ತದೆ, ಹೆಚ್ಚಿನ ಪಾಲು ಮುಂದಿನ ಎರಡಕ್ಕೆ. ತಣಿಯುವ ಮೊದಲೇ ಮುಂದಿನ ತಿರುವು ಬಂದಿರುತ್ತದೆ.

ಪ್ಯಾಡ್‌ನ ಅಂಚಿನಲ್ಲಿ ಎಫ್‌ಎಫ್, ಜಿಜಿ ಅಂತ ಎರಡಕ್ಷರ ಇರುವುದುಂಟು. ಇ ಎಂದರೆ ಘರ್ಷಣೆ ಗುಣಾಂಕ 0.25ರಿಂದ 0.35, ಎಫ್ ಎಂದರೆ 0.35ರಿಂದ 0.45, ಜಿ ಎಂದರೆ 0.45ರಿಂದ 0.55. ಮೊದಲ ಅಕ್ಷರ ಸಾಧಾರಣ ಬಿಸಿಗೆ, ಎರಡನೆಯದು ಹೆಚ್ಚು ಬಿಸಿಗೆ. ಆದರೆ ಆ ‘ಹೆಚ್ಚು’ ಸುಮಾರು 340 ಡಿಗ್ರಿಗೇ ಮುಗಿಯುತ್ತದೆ. ಟ್ರ್ಯಾಕ್‌ನಲ್ಲಿ ಡಿಸ್ಕ್ ಅದನ್ನು ದಾಟುವುದು ಮಾಮೂಲು, ಹಾಗಾಗಿ ಜಿಜಿ ನೋಡಿ ಟ್ರ್ಯಾಕ್‌ಗಾಗುತ್ತದೆ ಎಂದುಕೊಳ್ಳಬೇಡಿ. ಬದಲಿ ಬ್ರೇಕ್ ಭಾಗಗಳಿಗೆ ಯುರೋಪ್ ಕೊಡುವ ಆರ್90 ಮಾನ್ಯತೆ ಇದ್ದರೆ ಹಿಂದಿನ ತಟ್ಟೆಯ ಮೇಲೆ ವೃತ್ತದೊಳಗೆ ಇ ಅಕ್ಷರ, 90ಆರ್ ಎಂಬ ನಂಬರ್ ಇರುತ್ತದೆ. ರಸ್ತೆಗೆ ಕೊಳ್ಳುವಾಗ ಅದನ್ನು ಹುಡುಕಿ.

ನಗರ, ಹೆದ್ದಾರಿ, ಘಾಟಿಗೆ ಎಟಿಇ ಅಥವಾ ಟೆಕ್ಸ್ಟಾರ್ ಪ್ಯಾಡ್ ಸಾಕು. ತಣ್ಣಗಿರುವಾಗಲೇ ಹಿಡಿಯುತ್ತವೆ, ಕಿರುಚುವುದಿಲ್ಲ. ಇಬಿಸಿ ರೆಡ್‌ಸ್ಟಫ್‌ನ ದೊಡ್ಡ ಗುಣ ಧೂಳು ಕಡಿಮೆ ಇರುವುದು, ಆದರೆ ಮೊದಲ ಕಚ್ಚು ತುಸು ಮೆತ್ತಗೆ. ಯೆಲ್ಲೊಸ್ಟಫ್ ಮೊದಲ ಒತ್ತಿಗೇ ಚುರುಕಾಗಿ ಹಿಡಿಯುತ್ತದೆ. ವಾರಾಂತ್ಯದಲ್ಲಿ ಬಿಸಿಲೆ, ಚಾರ್ಮಾಡಿ ಕಡೆ ಹುರುಪಿನಿಂದ ಓಡಿಸುವವರಿಗೆ ಇದು ಹೊಂದುತ್ತದೆ, ಧೂಳನ್ನು ಸಹಿಸಿಕೊಳ್ಳಬೇಕು. ಫೆರೋಡೊ ಡಿಎಸ್2500 ನಮ್ಮ ಲೆಕ್ಕದಲ್ಲಿ ಇವೆಲ್ಲಕ್ಕಿಂತ ಮೇಲು. ಕಾಲಿನ ಒತ್ತಿಗೆ ತಕ್ಕಷ್ಟೇ ಬ್ರೇಕ್, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಆ ಹಿಡಿತ 500 ಡಿಗ್ರಿ ಆಸುಪಾಸಿನವರೆಗೂ ಸಮನಾಗಿರುತ್ತದೆ. ಆದರೆ ಸಿಗ್ನಲ್‌ನಲ್ಲಿ ಸೀಟಿ ಹೊಡೆಯುತ್ತದೆ. ದಿನವೂ ಸಿಲ್ಕ್ ಬೋರ್ಡ್ ದಾಟುವವರಿಗೆ ಅದು ತಲೆನೋವೇ.

ಆಯಿಲ್ ವಿಷಯದಲ್ಲಿ ಜಿಪುಣತನ ಬೇಡ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಎಂದರೆ ಹೊಸದಾಗಿದ್ದಾಗ ಕುದಿಬಿಂದು ಕನಿಷ್ಠ 230 ಡಿಗ್ರಿ, ನೀರು ಹೀರಿದ ಮೇಲೆ ಕನಿಷ್ಠ 155. ಪೆಡಲ್ ನೆಲ ಮುಟ್ಟುವುದು ಈ ಎರಡನೆಯ ಸಂಖ್ಯೆಯಿಂದ: ನೀರು ಸೇರಿದ ಆಯಿಲ್ ಕ್ಯಾಲಿಪರ್‌ನಲ್ಲಿ ಕುದಿಯುತ್ತದೆ, ಆವಿಯ ಗುಳ್ಳೆ ಕಾಲೊತ್ತಿಗೆ ಕುಗ್ಗುತ್ತದೆ, ಪಿಸ್ಟನ್ ತಳ್ಳಲು ಒತ್ತಡವೇ ಉಳಿಯುವುದಿಲ್ಲ. ಪ್ಯಾಡ್ ಕಾದು ಸೋತರೆ ಪೆಡಲ್ ಗಟ್ಟಿಯಾಗಿರುತ್ತದೆ, ಕಾರು ನಿಲ್ಲುವುದಿಲ್ಲ. ಆಯಿಲ್ ಕುದಿದರೆ ಪೆಡಲ್ಲೇ ಇಳಿಯುತ್ತದೆ. ಯಾವುದು ಕೈಕೊಟ್ಟಿದೆ ಎಂಬುದು ಕಾಲಿಗೇ ತಿಳಿಯುತ್ತದೆ. ರಸ್ತೆಗೆ ಎಟಿಇ ಎಸ್‌ಎಲ್.6 ಅಥವಾ ಟೈಪ್ 200, ಟ್ರ್ಯಾಕ್‌ಗೆ ಮೋಟುಲ್ ಆರ್‌ಬಿಎಫ್ 600. ಮೋಟುಲ್‌ನ ಕುದಿಬಿಂದು ಹೊಸದರಲ್ಲಿ 312 ಡಿಗ್ರಿ, ನೀರು ಸೇರಿದ ಮೇಲೂ 205. ಪೂರ್ತಿ ಬದಲಿಸಲು ಒಂದು ಲೀಟರ್ ಇಟ್ಟುಕೊಳ್ಳಿ. ಎರಡು ವರ್ಷಕ್ಕೊಮ್ಮೆ ಬದಲಿಸಿ, ಕರಾವಳಿಯಲ್ಲಾದರೆ ವರ್ಷಕ್ಕೊಮ್ಮೆ.

ಕೂರಿಸುವಾಗ ಆಗುವ ಅವಸರವೇ ಒಳ್ಳೆಯ ಮಾಲನ್ನು ಕೆಡಿಸುತ್ತದೆ. ಹಳೆಯ ಡಿಸ್ಕ್ ಕಿತ್ತ ಮೇಲೆ ಹಬ್‌ನ ಮುಖವನ್ನು ತಂತಿ ಬ್ರಷ್‌ನಿಂದ ಲೋಹ ಹೊಳೆಯುವವರೆಗೆ ಉಜ್ಜಬೇಕು. ಅಲ್ಲಿ ಒಂದು ಚೂರು ತುಕ್ಕು ಉಳಿದರೂ ಡಿಸ್ಕ್ ಓರೆಯಾಗಿ ಕೂತು, ಹೊರ ಅಂಚಿನಲ್ಲಿ ಆ ಓಲಾಟ ದೊಡ್ಡದಾಗುತ್ತದೆ. ಚಕ್ರದ ಬೋಲ್ಟ್‌ಗಳನ್ನು ವಾಷರ್ ಹಾಕಿ ಬಿಗಿದು, ಡಯಲ್ ಗೇಜ್ ಇಟ್ಟು ಒಂದು ಸುತ್ತು ತಿರುಗಿಸಿ. ಓಲಾಟ 0.1 ಮಿ.ಮೀ. ದಾಟಿದರೆ ಡಿಸ್ಕನ್ನು ಬೇರೆ ತೂತಿಗೆ ತಿರುಗಿಸಿ ಮತ್ತೆ ಕೂರಿಸಿ ನೋಡಿ. ‘ಡಿಸ್ಕ್ ಬೆಂಡಾಗಿದೆ’ ಎಂದು ಗ್ಯಾರೇಜಿನಲ್ಲಿ ಹೇಳುವ ನಡುಕಕ್ಕೆ ಬಹಳ ಸಲ ಕಾರಣ ಇದೇ. ಓಲಾಡುವ ಡಿಸ್ಕ್ ಪ್ರತಿ ಸುತ್ತಿನಲ್ಲೂ ಒಂದೇ ಜಾಗದಲ್ಲಿ ಪ್ಯಾಡ್‌ಗೆ ತಾಗಿ ಅಲ್ಲಷ್ಟೇ ಸವೆಯುತ್ತದೆ, ಸಾವಿರಾರು ಕಿಲೋಮೀಟರ್ ಆದ ಮೇಲೆ ಸ್ಟೀರಿಂಗ್ ಅಲ್ಲಾಡಲು ಶುರು.

ಕ್ಯಾಲಿಪರನ್ನು ಪೈಪಿನಿಂದ ಜೋತು ಬಿಡಬೇಡಿ, ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿ. ಪಿಸ್ಟನ್ ಒಳಕ್ಕೆ ತಳ್ಳುವ ಮೊದಲು ಟ್ಯಾಂಕಿನಿಂದ ಸ್ವಲ್ಪ ಆಯಿಲ್ ತೆಗೆಯಿರಿ, ತುಂಬಿ ಚೆಲ್ಲಿದರೆ ಪೇಂಟ್ ಕಿತ್ತುಬರುತ್ತದೆ. ಹಿಂದೆ ಎಲೆಕ್ಟ್ರಾನಿಕ್ ಹ್ಯಾಂಡ್‌ಬ್ರೇಕ್ ಇದ್ದರೆ ವಿಸಿಡಿಎಸ್ ಅಥವಾ ಒಬಿಡಿಲೆವೆನ್ ಎಂಬ ಸ್ಕ್ಯಾನ್ ಸಾಧನದಿಂದ ಸರ್ವಿಸ್ ಸ್ಥಿತಿಗೆ ಹಾಕದೆ ಕ್ಲ್ಯಾಂಪ್ ಒತ್ತಿದರೆ ಮೋಟರ್ ಕೆಡುತ್ತದೆ. ಕೇಬಲ್ಲಿನದಾದರೆ ಪಿಸ್ಟನ್ ತಿರುಗಿಸುತ್ತಲೇ ಒಳಕ್ಕೆ ಒತ್ತಬೇಕು. ರಬ್ಬರ್ ಬುಷ್‌ನಲ್ಲಿ ಜಾರುವ ಮುಂದಿನ ಗೈಡ್ ಪಿನ್‌ಗಳನ್ನು ಒರೆಸಿ ಒಣದಾಗಿಯೇ ಹಾಕಿ, ಗ್ರೀಸ್ ಬಳಿದರೆ ರಬ್ಬರ್ ಉಬ್ಬಿ ಪಿನ್ ಸಿಕ್ಕಿಕೊಳ್ಳುತ್ತದೆ. ಕ್ಯಾಲಿಪರನ್ನು ಹೊರುವ ಹಿಂದಿನ ಕ್ಯಾರಿಯರ್‌ಗೆ ಹೊಸ ಬೋಲ್ಟ್ ಹಾಕಿ 90 ನ್ಯೂಟನ್ ಮೀಟರ್‌ಗೆ ಬಿಗಿದು, ಮೇಲೆ ಕಾಲು ಸುತ್ತು. ಚಕ್ರದ ಬೋಲ್ಟ್ 120. ಕೊನೆಯಲ್ಲಿ ಬ್ರೇಕ್ ಕ್ಲೀನರ್‌ನಿಂದ ಡಿಸ್ಕ್ ಒರೆಸಿ, ಕಾರು ಕದಲಿಸುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ.

ನಂತರದ್ದು ಬೆಡ್ಡಿಂಗ್, ಅಂದರೆ ಹೊಸ ಪ್ಯಾಡ್ ಮತ್ತು ಡಿಸ್ಕನ್ನು ಒಂದಕ್ಕೊಂದು ಪಳಗಿಸುವುದು. ಬೆಳಗಿನ ಜಾವ ಹಿಂದೆ ಯಾರೂ ಇಲ್ಲದ ರಸ್ತೆಯಲ್ಲಿ ನೂರರಿಂದ ಇಪ್ಪತ್ತಕ್ಕೆ ಗಟ್ಟಿಯಾಗಿ, ಎಬಿಎಸ್ ಬರದಷ್ಟು ಒತ್ತಿ, ಬಿಟ್ಟು ಮತ್ತೆ ವೇಗ ಏರಿಸಿ. ಹೀಗೆ ಎಂಟು ಹತ್ತು ಸಲ. ಯಾವ ಸಲವೂ ಪೂರ್ತಿ ನಿಲ್ಲಿಸಬಾರದು. ಬಳಿಕ ಹದಿನೈದು ನಿಮಿಷ ಬ್ರೇಕ್ ಮುಟ್ಟದೆ ಓಡಿಸಿ ತಣಿಸಿ. ಪ್ಯಾಡ್‌ನ ತೆಳುಪೊರೆ ಡಿಸ್ಕ್ ಮೇಲೆ ಸಮನಾಗಿ ಹರಡಿದ್ದರೆ ಬೂದು-ನೀಲಿ ಬಣ್ಣ ಅಂಚಿನಿಂದ ಅಂಚಿಗೆ ಒಂದೇ ಥರ ಕಾಣುತ್ತದೆ. ಬಿಸಿ ಡಿಸ್ಕ್‌ನಲ್ಲಿ ಟೋಲ್ ಗೇಟಿನ ಸಾಲಿಗೆ ಬಂದು ಪೆಡಲ್ ಒತ್ತಿಕೊಂಡೇ ನಿಂತರೆ ಪ್ಯಾಡ್‌ನ ಅಚ್ಚು ಅಲ್ಲೇ ಬೀಳುತ್ತದೆ. ಅಂಥ ಕಡೆ ಕಾರನ್ನು ಪಾರ್ಕ್‌ಗೆ ಹಾಕಿ ಕಾಲು ತೆಗೆಯಿರಿ. ಟ್ರ್ಯಾಕ್ ಪ್ಯಾಡ್‌ಗೆ ಬದಲಿಸಿದಾಗಲೂ ಬೆಡ್ಡಿಂಗ್ ಮತ್ತೆ ಮಾಡಬೇಕು, ಒಂದು ಕಾಂಪೌಂಡ್‌ನ ಪೊರೆಯ ಮೇಲೆ ಇನ್ನೊಂದು ಚೆನ್ನಾಗಿ ಹಿಡಿಯುವುದಿಲ್ಲ.