ಜೆಮ್‌ಪೈ: ಫೀಲ್ಡ್ ಮ್ಯಾಪನ್ನು ಗುರುತ್ವದ ಜೊತೆ ತಾಳೆ ನೋಡಲು

ಭೂವಿಜ್ಞಾನದವರು ಮ್ಯಾಪ್ ಮಾಡುತ್ತಾರೆ, ಜಿಯೋಫಿಸಿಕ್ಸ್‌ನವರು ಗುರುತ್ವದಂಥದ್ದನ್ನು ಅಳೆದು ನೆಲದಡಿಯ ಮಾಡೆಲ್ ಮಾಡುತ್ತಾರೆ. ವರದಿಯಲ್ಲಿ ಎರಡನ್ನೂ ಅಕ್ಕಪಕ್ಕ ಅಂಟಿಸಿದರೆ ಮುಗಿಯಿತು. ಎರಡೂ ಒಂದಕ್ಕೊಂದು ಹೊಂದುತ್ತವಾ ಅಂತ ಕೇಳುವವರು ಕಡಿಮೆ. ಆ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ಜೆಮ್‌ಪೈ ಬಿಡುವುದಿಲ್ಲ. ನನಗೆ ಇದು ಹಿಡಿಸಿದ್ದು ಅದಕ್ಕೇ.

ಇದು ಪೈಥಾನ್‌ನ ಉಚಿತ, ಓಪನ್ ಸೋರ್ಸ್ ಸಾಫ್ಟ್‌ವೇರ್. ಎರಡು ಶಿಲೆಗಳ ಗಡಿ ಎಲ್ಲೆಲ್ಲಿ ಸಿಕ್ಕಿತು, ಪದರ ಯಾವ ಕಡೆಗೆ ಎಷ್ಟು ವಾಲಿದೆ, ಯಾವುದು ಮೊದಲಿನದು, ಯಾವುದು ನಂತರದ್ದು ಅಂತ ಹೇಳಿದರೆ ನೆಲದಡಿಯ 3ಡಿ ಮಾಡೆಲ್ ಕಟ್ಟುತ್ತದೆ. ಶಿಲೆಗಳ ಸಾಂದ್ರತೆ ಕೊಟ್ಟರೆ, ಮೇಲೆ ಗುರುತ್ವ ಎಷ್ಟು ಬದಲಾಗಬೇಕು ಅಂತಲೂ ಲೆಕ್ಕ ಹಾಕುತ್ತದೆ.

ನನ್ನ ಕೆಲಸದ್ದೇ ಒಂದು ಉದಾಹರಣೆ. ಗ್ರಾನೈಟ್ ನಡುವೆ ಗ್ಯಾಬ್ರೋ ಎಂಬ ಭಾರದ ಕಪ್ಪು ಶಿಲೆಯ ಹಾಳೆ, ಪೂರ್ವಕ್ಕೆ 40 ಡಿಗ್ರಿ ವಾಲಿದೆ. ಸಾಂದ್ರತೆ ಗ್ರಾನೈಟ್‌ಗೆ 2.67, ಗ್ಯಾಬ್ರೋಗೆ 2.97 ಇಟ್ಟೆ (ಘನ ಸೆಂ.ಮೀ.ಗೆ ಗ್ರಾಂ ಲೆಕ್ಕದಲ್ಲಿ). ಇಷ್ಟು ವ್ಯತ್ಯಾಸಕ್ಕೆ 100 ಮೀಟರ್ ದಪ್ಪದ ಅಗಲವಾದ ಪದರ ಸುಮಾರು 1.25 ಮಿಲಿಗಾಲ್ (ಗುರುತ್ವದ ಸಣ್ಣ ಬದಲಾವಣೆ ಅಳೆಯುವ ಮಾನ) ಏರಿಕೆ ಕೊಡುತ್ತದೆ, ಹಾಗಾಗಿ ಗುರುತ್ವ ಸರ್ವೆಯಲ್ಲಿ ಎದ್ದು ಕಾಣಲೇಬೇಕು. ಮಾಡೆಲ್ ಪ್ರಕಾರ ಪೂರ್ವದ ಕಡೆ ಏರಿಕೆ ನಿಧಾನವಾಗಿ ಇಳಿಯಬೇಕಿತ್ತು. ಸರ್ವೆಯಲ್ಲಿ ಅದು ಥಟ್ಟನೆ ಬಿದ್ದಿತ್ತು. ವಾಲಿಕೆಯನ್ನು 70 ಡಿಗ್ರಿ ಮಾಡಿದರೆ ಹೊಂದಿತು. 40 ಡಿಗ್ರಿಯೇ ಇಟ್ಟು, ಕೆಳಗೆ ಹಾಳೆಯನ್ನು ಒಂದು ಫಾಲ್ಟ್‌ಗೆ (ಶಿಲೆ ಸೀಳಿ ಜರುಗಿದ ಬಿರುಕು) ತುಂಡರಿಸಿದರೂ ಹೊಂದಿತು! ಗುರುತ್ವದ ಗುಣವೇ ಅದು, ಎಲ್ಲರಿಗೂ ಹೂಂ ಅನ್ನುತ್ತದೆ. ಆದರೆ ಬಂಡೆಗಳ ಮೇಲೆ ಕಾಂಪಾಸ್ ಇಟ್ಟಲ್ಲೆಲ್ಲ ವಾಲಿಕೆ 40ರ ಆಸುಪಾಸೇ ಇತ್ತು. ಫಾಲ್ಟ್ ಉಳಿಸಿಕೊಂಡೆವು, ಹಾಳೆ ಅದರಾಚೆ ಹೋಗದ ಕಾರಣ ಅಲ್ಲಿ ಗುರುತಿಸಿದ್ದ ಬೋರ್ ಕೈಬಿಟ್ಟೆವು. ಬೋರ್ ಹಾಕುವ ಖರ್ಚು ಗೊತ್ತಿದ್ದವರಿಗೆ ಇದರ ಬೆಲೆ ಬೇರೆ ಹೇಳಬೇಕಾಗಿಲ್ಲ.

ಕಿರಿಕಿರಿಯೂ ಇದೆ. ಹಳೇ ಆವೃತ್ತಿಗಳು ಥಿಯಾನೋ ಲೈಬ್ರರಿಗೆ ಜೋತು ಬಿದ್ದಿದ್ದವು, ಇನ್‌ಸ್ಟಾಲ್ ಮಾಡುವುದೇ ದೊಡ್ಡ ರಗಳೆ. ಈಗ ಆ ಕಾಟ ಇಲ್ಲ. ಹಳೇ ಕೋಡ್ ಮಾತ್ರ ಹೊಸದರಲ್ಲಿ ಹಾಗೇ ಓಡುವುದಿಲ್ಲ. ಫಾಲ್ಟ್ ಹಾಕಿದರೆ, ಸುಮ್ನೆ ಬಿಟ್ಟಲ್ಲಿ, ಮಾಡೆಲ್‌ನ ಈ ತುದಿಯಿಂದ ಆ ತುದಿವರೆಗೂ ಸೀಳಿಬಿಡುತ್ತದೆ. ಸರ್ವೆ ಲೈನ್ ಮುಗಿದಲ್ಲೇ ಮಾಡೆಲನ್ನೂ ಮುಗಿಸಿದರೆ ಅಂಚಿನ ಲೆಕ್ಕವೆಲ್ಲ ಹಾಳು, ಸುತ್ತ ಜಾಸ್ತಿ ಜಾಗ ಬಿಡಿ. ಪೈಥಾನ್ ಬರದಿದ್ದರೆ ಮೊದಲು ಅದನ್ನು ಕಲಿಯಬೇಕು, ಬೇರೆ ದಾರಿಯಿಲ್ಲ.

ಸರ್ವೆ ಅಂಕಿಗಳಿಂದಲೇ ಕೆಳಗಿನ ಸಾಂದ್ರತೆಯನ್ನೋ ಮ್ಯಾಗ್ನೆಟಿಕ್ ಗುಣವನ್ನೋ ಹೊರತೆಗೆಯಬೇಕು ಅಂದರೆ ಸಿಂಪೆಗ್ ಎಂಬ ಇನ್ನೊಂದು ಪೈಥಾನ್ ಸಾಫ್ಟ್‌ವೇರ್ ಹಿಡಿಯಿರಿ. ಅದೂ ಉಚಿತವೇ. ನಾನು ಜೆಮ್‌ಪೈ ಮಾಡೆಲನ್ನೇ ಅದಕ್ಕೆ ಆರಂಭದ ಮಾಡೆಲ್ ಆಗಿ ಕೊಡುತ್ತೇನೆ.